ಮೆಹಂದಿಗೆ ಹೇಳಿದ ಕೋಳಿ

ಕೊಕ್ಕರ್ಣೆಯ ಬಚ್ಚ ಪೂಜಾರಿ ಐವತ್ತೆಂಟು ವರ್ಷದ ತನಕ ಯಾರ ಮೇಲೂ ಕೈ ಎತ್ತಿದವನಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯಲ್ಲಿ ಅಲಸಂಡೆ, ಬೆಂಡೆ, ಹರಿವೆ ಬೆಳೆಸಿ ಬ್ರಹ್ಮಾವರದ ಸಂತೆಗೆ ಒಯ್ಯುವುದು ಅವನ ಕೆಲಸ. ಅಂಥವನು ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ನೆರೆಮನೆಯ ರಾಜೀವ ಶೆಟ್ಟಿಯ ಕೈಯನ್ನು ಕತ್ತಿಯಿಂದ ಕಡಿದ. ಕಡಿಯುವ ಮೊದಲು ರಾಜೀವ ಅವನ ದವಡೆ ಮುರಿದಿದ್ದ. ಊರಿನಲ್ಲಿ ಇದು ನೀರಿನ ಜಗಳ ಎಂದೇ ಹೆಸರಾಯಿತು. ಬಚ್ಚನ ಮಗಳು ಪ್ರೇಕ್ಷಾ ಮಾತ್ರ ಅದು ಊಟದ ಜಗಳ ಎನ್ನುತ್ತಾಳೆ, ಯಾಕೆಂದರೆ ಅದು ಶುರುವಾದದ್ದು ಅವಳ ಮೆಹಂದಿಯ ಅಡುಗೆಪಟ್ಟಿ ಬರೆಯುವಾಗ.

ಪ್ರೇಕ್ಷಾಳಿಗೆ ಬೈಂದೂರಿನ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಮದುವೆ ಗಂಡಿನ ಕಡೆಯವರದ್ದು, ಮುನ್ನಾದಿನದ ಮೆಹಂದಿ ಇವರ ಮನೆಯಂಗಳದಲ್ಲಿ. ಅಡುಗೆಯ ಕುಷ್ಟ ಜಗಲಿಯಲ್ಲಿ ಕುಳಿತು ಪೆನ್ನು ತೆಗೆದದ್ದೇ ತಡ, ಬಚ್ಚ ಹೇಳತೊಡಗಿದ. "ಬರಿ. ಕೋಳಿ ಸುಕ್ಕ, ಗೀ ರೋಸ್ಟ್, ಕಬಾಬ್, ಮತ್ ರೊಟ್ಟಿಗೆ ಕೋಳಿ ಸಾರ್. ನೂರಿಪ್ಪತ್ ಕೆ.ಜಿ. ಕೋಳಿ. ಕಡಿಮಿ ಆಪ್ಪುಕಾಗ."

ಒಳಗಿದ್ದ ಪ್ರೇಕ್ಷಾ ಹೊರಗೆ ಬಂದಳು. ಅವಳು ಪಂಚಾಯತ್‌ನ ಕಸ ವಿಂಗಡಣೆ ಘಟಕದಲ್ಲಿ ಮೇಲ್ವಿಚಾರಕಿ. ಊರಿನ ಎಲ್ಲ ಸಮಾರಂಭಗಳ ಎಲೆ, ಎಂಜಲು ಅವಳ ಕಣ್ಣೆದುರೇ ಬಂದು ಬೀಳುವುದು.

"ಅಪ್ಪಯ್ಯ, ಒಂದ್ ಬಗೆ ಸಾಕ್. ಹೋದ ವಾರ ಒಂದ್ ಮೆಹಂದಿ ಮನೆಯಿಂದ ನಮ್ ಗಾಡಿ ತಂದದ್ದ್ ಎಂತ ಗೊತ್ತಿತ್ತಾ? ಮೂರ್ ಡ್ರಮ್ ಕೋಳಿ. ಬಾಯಿಗೇ ಹಾಕದ್ದ್. ಅದ್ ಕೊಳ್ತ್ ಬಪ್ಪ ಗ್ಯಾಸೇ ಮೇಲ್ ಹೋಯಿ ಈ ಸೆಕಿ ಹೆಚ್ಚ್ ಮಾಡುದ್."

"ಸೆಕಿಗೂ ಕೋಳಿ ಸುಕ್ಕಕ್ಕೂ ಎಂತ ಸಂಬಂಧ ಮಾರಾಯ್ತಿ?" ಬಚ್ಚ ನಕ್ಕ.

"ಇತ್ತ್. ಕೋಳಿ ತಿಂಬ ಜೋಳ ದಾವಣಗೆರೆಯಿಂದ ಲಾರಿ ಹತ್ತಿ ಘಾಟಿ ಇಳ್ದ್ ಬತ್ತ್. ಶೆಡ್ಡಿಗೆ ಹಗ್ಲಿಡೀ ಫ್ಯಾನ್, ಪಂಪ್. ಅಷ್ಟ್ ಮಾಡಿ ಬೆಳ್ಸಿ ಅರ್ಧ ಗುಂಡಿಗೆ ಹಾಕುದಾ? ನಿಮ್ ಅಲಸಂಡೆಗೆ ಅಷ್ಟೆಲ್ಲ ಬೇಕಾ ಹೇಳಿ ಕಾಂಬ."

"ನನ್ ಮಗಳ ಮೆಹಂದಿಗೆ ಅಲಸಂಡೆ ಪಲ್ಯ ಬಡ್ಸುದಾ?" ಈ ಸಲ ಬಚ್ಚ ನಗಲಿಲ್ಲ. ಮೂವತ್ತು ವರ್ಷದ ಹಿಂದೆ ಅವನ ತಂಗಿಯ ಮದುವೆಯಲ್ಲಿ ಮೂರನೆಯ ಪಂಕ್ತಿಗೆ ಕೋಳಿಯ ತುಂಡು ಮುಗಿದು ಬರೀ ಸಾರಿನ ನೀರು ಬಡಿಸಿದ್ದರು. ಬಚ್ಚನ ಮನೆ ಕೋಳಿ ಸಾರನ್ನು ಈಜಿ ದಾಟಿ ಹೋಯಿತು ಎಂದು ಯಾರೋ ಆಡಿದ ಮಾತು ಅವನ ಕಿವಿಯಲ್ಲಿ ಇನ್ನೂ ಇತ್ತು. "ನೀ ಒಳ್ಗ್ ಹೋಗ್. ಕುಷ್ಟ, ನೀ ಬರಿ."

ಕುಷ್ಟ ಬರೆದ. ಕೋಳಿ ಎಲ್ಲಿಂದ ಎನ್ನುವ ಪ್ರಶ್ನೆಯೇ ಇರಲಿಲ್ಲ. ಗದ್ದೆಯ ಆಚೆ ದಿಬ್ಬದ ಮೇಲೆ ರಾಜೀವ ಶೆಟ್ಟಿಯ ಶೆಡ್ಡಿತ್ತು.

ರಾಜೀವ ಇಪ್ಪತ್ತು ವರ್ಷ ಮುಂಬೈಯ ಹೋಟೆಲಿನಲ್ಲಿದ್ದು ಊರಿಗೆ ಮರಳಿದವನು. ಕಂಪನಿಯೊಂದು ಮರಿ ಮತ್ತು ಆಹಾರ ಕೊಡುತ್ತಿತ್ತು, ಅವನು ನಲವತ್ತು ದಿನ ಸಾಕಿ ಕೊಡುತ್ತಿದ್ದ, ಊರಿನ ಸಮಾರಂಭಗಳಿಗೆ ಬೇಕಾದದ್ದನ್ನು ಕಂಪನಿಯ ಒಪ್ಪಿಗೆಯಿಂದ ಅಲ್ಲೇ ಮಾರುತ್ತಿದ್ದ. ಹೆಸರಿಗೆ ಅವನದ್ದಾದರೂ ಶೆಡ್ಡು ನಡೆಸುತ್ತಿದ್ದವಳು ಹೆಂಡತಿ ಪ್ರಭಾವತಿ. ಐದು ಸಾವಿರ ಕೋಳಿಗಳಲ್ಲಿ ಯಾವ ಮೂಲೆಯದು ಮಂಕಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಶೆಡ್ಡಿಗೂ ಬಚ್ಚನ ಗದ್ದೆಗೂ ನೀರು ನಡುವೆ ಹರಿಯುವ ಸಣ್ಣ ತೋಡಿನದ್ದು. ಪ್ರತಿ ಡಿಸೆಂಬರಿನಲ್ಲಿ ಇಬ್ಬರೂ ಸೇರಿ ಹಲಗೆ, ಮಣ್ಣಿನ ಚೀಲ ಇಟ್ಟು ತೋಡಿಗೆ ಅಡ್ಡ ಕಟ್ಟ ಹಾಕುತ್ತಿದ್ದರು. ನಿಂತ ನೀರನ್ನು ಮಧ್ಯಾಹ್ನ ಎರಡು ಗಂಟೆಯ ತನಕ ಬಚ್ಚ ಎತ್ತಬೇಕು, ಆಮೇಲೆ ರಾಜೀವ. ಒಂಬತ್ತು ವರ್ಷ ಈ ಪಾಳಿ ಒಂದು ದಿನವೂ ತಪ್ಪಿರಲಿಲ್ಲ.

ಆ ಏಪ್ರಿಲಿನಲ್ಲಿ ಅದು ತಪ್ಪಿತು. ಏಳು ದಿನ ಒಂದೇ ಸಮನೆ ಬಿಸಿಲು ಕಾಯಿತು. ಬೆಳಿಗ್ಗೆ ಒಂಬತ್ತಕ್ಕೇ ಬೆನ್ನು ಉರಿಯುತ್ತಿತ್ತು. ಹಿಂದೆ ಇಂಥ ದಿನ ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದವು, ಸಂಜೆಗೆ ಮಳೆಯೊಂದು ಹನಿಯುತ್ತಿತ್ತು. ಈಗ ಮೂರು ವರ್ಷದಿಂದ ಬೇಸಿಗೆಯಲ್ಲಿ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಸೊಂಟದ ತನಕ ನಿಲ್ಲುತ್ತಿದ್ದ ಕಟ್ಟದ ನೀರು ಮೊಣಕಾಲಿಗೆ ಇಳಿಯಿತು. ಮೂವತ್ತೆಂಟು ದಿನದ ಕೋಳಿಗಳು ಮೈತುಂಬ ಮಾಂಸ ಹೊತ್ತು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಶೆಡ್ಡಿನ ಮಾಡಿನ ಮೇಲೆ ನೀರು ಸುರಿಯುತ್ತಲೇ ಇರಬೇಕಿತ್ತು, ಸುತ್ತ ಕಟ್ಟಿದ ಗೋಣಿ ಒದ್ದೆಯಾಗಿಯೇ ಇರಬೇಕಿತ್ತು. ರಾಜೀವ ಬಚ್ಚನ ಪಾಳಿಯಲ್ಲೂ ಪಂಪು ಹಾಕತೊಡಗಿದ.

ಮೊದಲ ದಿನ ಹೇಳಿ ಹಾಕಿದ. ಎರಡನೆಯ ದಿನ ಹಾಕಿ ಹೇಳಿದ. ಮೂರನೆಯ ದಿನ ಹೇಳಲೂ ಇಲ್ಲ.

ಬಚ್ಚನ ಅಲಸಂಡೆ ಬಳ್ಳಿ ಬುಡದಿಂದ ಹಳದಿಯಾಯಿತು. ಹರಿವೆ ಸುಟ್ಟ ಕಾಗದದ ಹಾಗೆ ಕೈಯಲ್ಲಿ ಪುಡಿಯಾಯಿತು. ಹೆಂಡತಿ ಸರೋಜ ಸಮಾಧಾನ ಹೇಳಿದಳು. "ನಾಲ್ಕ್ ದಿನ ತಡ್ಕಣಿ. ಅಲ್ಲಿಪ್ಪುದ್ ನಮ್ ಕೋಳಿಯೂ ಅಲ್ದಾ? ಸತ್ರೆ ಮೆಹಂದಿಗೆ ಎಂತ ಬಡ್ಸುದ್?"

ಬಚ್ಚ ತಡೆದುಕೊಂಡ. ಒಳಗೊಳಗೇ ಸಿಟ್ಟು ಮಾಗುತ್ತಿತ್ತು. ತನ್ನ ಗದ್ದೆಯ ನೀರನ್ನು ತನ್ನದೇ ಊಟ ಕುಡಿಯುತ್ತಿದೆ ಎನ್ನುವುದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚಾಯಿತು, ಯಾಕೆಂದರೆ ಮಗಳು ಅದನ್ನೇ ಹೇಳಿದ್ದಳು.

ಮೆಹಂದಿಗೆ ಮೂರು ದಿನ ಇದ್ದಾಗ, ಬುಧವಾರ ಹನ್ನೆರಡೂವರೆಗೆ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ರಾಜೀವ ಡೀಸೆಲ್ ಪಂಪನ್ನು ತೋಡಿಗೆ ಹೊತ್ತು ತಂದು ಹಗ್ಗ ಎಳೆದ, ಚಾಲೂ ಆಗಲಿಲ್ಲ. ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದ ಮೇಲೆ ಹೊಗೆ ಕಾರುತ್ತ ಶುರುವಾಯಿತು. ಸದ್ದು ಕೇಳಿ ಬಚ್ಚ ಗದ್ದೆಯಿಂದ ಓಡಿ ಬಂದ. ಬಾಳೆ ಕಡಿಯುತ್ತಿದ್ದ ಕತ್ತಿ ಕೈಯಲ್ಲೇ ಇತ್ತು.

ಕಟ್ಟದಲ್ಲಿ ನೀರೇ ಇರಲಿಲ್ಲ. ನಡುವಿನ ಗುಂಡಿಯಲ್ಲಿ ಉಳಿದದ್ದನ್ನು ಪೈಪು ಕೆಸರಿನ ಸಮೇತ ಹೀರುತ್ತಿತ್ತು. ಸುತ್ತ ಮುಗುಡು ಮೀನುಗಳು ಹೊಟ್ಟೆ ಮೇಲಾಗಿ ಒದ್ದಾಡುತ್ತಿದ್ದವು. ಬಚ್ಚ ಇಳಿದು ಪಂಪು ನಿಲ್ಲಿಸಿದ.

ರಾಜೀವ ಪಂಪಿನ ಹ್ಯಾಂಡಲ್ ಕೈಯಲ್ಲಿ ಹಿಡಿದೇ ದಿಬ್ಬದಿಂದ ಜಾರುತ್ತ ಬಂದ. ಮುಖ ಕೆಂಡವಾಗಿತ್ತು, ಅಂಗಿ ಮೈಗೆ ಅಂಟಿತ್ತು. "ಹ್ವಾಯ್ ಬಚ್ಚಣ್ಣ! ಪಂಪ್ ಯಾಕ್ ನಿಲ್ಸಿದ್ರಿ?"

"ಎರಡ್ ಗಂಟಿ ಆಯ್ಲಿಲ್ಲ. ನನ್ ಪಾಳಿ."

"ಪಾಳಿ ಗೀಳಿ ಈಗ ಬ್ಯಾಡ. ಮೇಲ್ ಕೋಳಿ ಸಾಯ್ತಾ ಇತ್ತ್. ಅರ್ಧ ಗಂಟಿ ಬಿಡಿ."

"ಐದ್ ದಿನದಿಂದ ಅರ್ಧ ಗಂಟಿ ಅಂತ್ರಿ ಶೆಟ್ರೆ. ಕಾಣಿ, ತೋಡಂಗೆ ಮೀನಿಗೂ ನೀರಿಲ್ಲ."

"ಸಾಯುದ್ ನಿಮ್ ಮಗಳ ಮೆಹಂದಿ ಕೋಳಿಯೇ ಮಾರಾಯ್ರೆ! ನೂರಿಪ್ಪತ್ ಕೆ.ಜಿ. ಬೇಕ್ ಅಂದದ್ದ್ ಯಾರ್? ನಾನಾ?"

ಆ ಮಾತು ಬಚ್ಚನಿಗೆ ತಾಗಬಾರದ ಕಡೆ ತಾಗಿತು. ಬಗ್ಗಿ ಪೈಪಿನ ಮೇಲೆ ಕತ್ತಿ ಹಾಕಿದ. ಒಂದೇ ಏಟಿಗೆ ಪೈಪು ಎರಡಾಯಿತು. ತಲೆ ಎತ್ತುವುದರೊಳಗೆ ರಾಜೀವ ಹ್ಯಾಂಡಲ್ ಬೀಸಿಯಾಗಿತ್ತು. ಎಡದವಡೆಗೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು ತನ್ನ ತಲೆಯೊಳಗಿನಿಂದಲೇ ಬಂದ ಹಾಗಾಯಿತು ಬಚ್ಚನಿಗೆ. ಮೊಣಕಾಲೂರಿ ಕುಸಿದ. ಬಾಯಿಯಿಂದ ರಕ್ತದ ಜೊತೆ ಎರಡು ಹಲ್ಲು ಕೆಸರಿಗೆ ಬಿದ್ದವು. ರಾಜೀವ ಮತ್ತೆ ಬೀಸಿದ. ಆ ಏಟು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಕೈ ಎತ್ತಿದಾಗ ಬಚ್ಚ ಕುಳಿತಲ್ಲಿಂದಲೇ ಕತ್ತಿಯನ್ನು ಮೇಲಕ್ಕೆ ಬೀಸಿದ.

ಹ್ಯಾಂಡಲ್ ಕೆಳಗೆ ಬಿತ್ತು. ರಾಜೀವನ ಬಲಗೈ ಮಣಿಕಟ್ಟಿನ ಹತ್ತಿರ ತೆರೆದುಕೊಂಡು ಒಳಗಿನ ಬಿಳಿ ನರ ಕಾಣುತ್ತಿತ್ತು. ಒಂದು ಕ್ಷಣ ರಕ್ತವೇ ಬರಲಿಲ್ಲ. ಆಮೇಲೆ ಚಿಮ್ಮಿತು. ರಾಜೀವ ಎಡಗೈಯಲ್ಲಿ ಬಚ್ಚನ ಕುತ್ತಿಗೆ ಹಿಡಿದು ಮೈಮೇಲೆ ಬಿದ್ದ. ಒಂಬತ್ತು ವರ್ಷ ಒಟ್ಟಿಗೆ ಮಣ್ಣು ಹೊತ್ತ ಇಬ್ಬರು ಗಂಡಸರು ತಾವೇ ಕಟ್ಟಿದ ಕಟ್ಟದ ತಳದಲ್ಲಿ, ಸಾಯುತ್ತಿರುವ ಮೀನುಗಳ ನಡುವೆ, ಒಬ್ಬರನ್ನೊಬ್ಬರು ಕೆಸರಿಗೆ ಅದುಮುತ್ತ ಹೊರಳಿದರು. ಬಚ್ಚ ಅವನ ಕಿವಿ ಕಚ್ಚಲು ಹೋದ. ದವಡೆ ಮುಚ್ಚಲಿಲ್ಲ. ಆಗಲೇ ಅವನಿಗೆ ನೋವು ತಿಳಿದದ್ದು.

ಪ್ರಭಾವತಿ ಶೆಡ್ಡಿನಿಂದ ಕೂಗುತ್ತ ಬಂದಳು. "ನೀರ್ ನಿಂತಿತ್! ಸಾಯ್ತಾ ಇದ್ವ್, ಎಲ್ಲ ಸಾಯ್ತಾ ಇದ್ವ್!" ದಿಬ್ಬದ ಅಂಚಿನಲ್ಲಿ ನಿಂತು ಕೆಳಗೆ ನೋಡಿದಳು. ಕೆಸರಿನಲ್ಲಿ ಯಾರು ಗಂಡ, ಯಾರು ಬಚ್ಚ ಎಂದು ಗುರುತೇ ಸಿಗಲಿಲ್ಲ. ಇಳಿದು ಬಂದು ಒಬ್ಬನ ಕೂದಲು ಹಿಡಿದು ಎಳೆದು ಇಬ್ಬರನ್ನೂ ಬಿಡಿಸಿದಳು. ಗಂಡನ ಕೈ ಕಂಡ ಮೇಲೆ ತನ್ನ ನೈಟಿಯ ಮೇಲೆ ಹೊದ್ದ ಬೈರಾಸು ವಸ್ತ್ರ ಕಿತ್ತು ಮೊಣಕೈ ಕೆಳಗೆ ಬಿಗಿದು ಕಟ್ಟಿದಳು. ಬಚ್ಚನ ಕಡೆ ತಿರುಗಿ ಕಾಲಿಂದ ಒದ್ದಳು. ಒಮ್ಮೆಯಲ್ಲ, ನಾಲ್ಕು ಸಲ. ಬಚ್ಚ ತಡೆಯಲಿಲ್ಲ.

ಅಷ್ಟರಲ್ಲಿ ಸರೋಜ ಓಡಿ ಬಂದಳು, ರಸ್ತೆಯಲ್ಲಿದ್ದ ಆಟೊ ಬಂತು. ಇಬ್ಬರು ಗಂಡಸರನ್ನೂ ಒಂದೇ ಆಟೊದಲ್ಲಿ ಹಾಕಬೇಕಾಯಿತು, ಬೇರೆ ಗಾಡಿ ಇರಲಿಲ್ಲ. ಸರೋಜ ನಡುವೆ ಕುಳಿತಳು. ಪ್ರಭಾವತಿ ಹತ್ತಲಿಲ್ಲ. "ನೀವ್ ಕರ್ಕ ಹೋಯ್ನಿ. ನಂಗ್ ಇಲ್ಲಿ ಬಿಟ್ಟ್ ಬಪ್ಪುಕಾತಿಲ್ಲ" ಎಂದು ಶೆಡ್ಡಿಗೆ ಓಡಿದಳು.

ಶೆಡ್ಡಿನ ಸದ್ದು ಮೊದಲು ಹೆಚ್ಚಾಗಿ, ಆಮೇಲೆ ಕಡಿಮೆಯಾಗುತ್ತ ಬಂತು. ಕುಡಿಯುವ ನೀರಿನ ಕೊಡಪಾನಗಳನ್ನು ಪ್ರಭಾವತಿ ಒಂದೊಂದಾಗಿ ತಂದು ಚೆಲ್ಲಿದಳು. ಕೋಳಿಗಳು ರೆಕ್ಕೆ ಅಗಲಿಸಿ, ಒಂದರ ಮೇಲೊಂದು ಬಿದ್ದು ಒದ್ದೆ ಮೂಲೆಗೆ ನುಗ್ಗಿದವು. ಕೆಳಗಿನವು ಉಸಿರುಗಟ್ಟಿ ಸತ್ತವು, ಮೇಲಿನವು ಕಾವಿಗೆ ಸತ್ತವು. ಮೂರು ಗಂಟೆಗೆ ಪ್ರೇಕ್ಷಾ ಸುದ್ದಿ ತಿಳಿದು ಬಂದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಕೋಳಿ ಸತ್ತಿದ್ದವು. ಉಳಿದವು ಸಾಯಲಾರದೆ ಒದ್ದಾಡುತ್ತಿದ್ದವು.

ಪ್ರೇಕ್ಷಾ ಆಸ್ಪತ್ರೆಗೆ ಹೋಗಬೇಕೆಂದು ಹೊರಟವಳು. ಆದರೆ ಪಂಚಾಯತಿನಿಂದ ಫೋನ್ ಬಂದಿತ್ತು. ಈ ಬಿಸಿಲಿಗೆ ಕತ್ತಲಾಗುವುದರೊಳಗೆ ಹುಗಿಯದಿದ್ದರೆ ಊರಿಡೀ ನಾರುತ್ತದೆ, ಬಾವಿಗಳು ಹಾಳಾಗುತ್ತವೆ ಎಂದು. ಜೆಸಿಬಿಯ ನಾಗನನ್ನು ಕರೆಸಿ, ಸುಣ್ಣದ ಚೀಲ ಹೇರಿಸಿಕೊಂಡು ಅವಳೇ ಬಂದಳು. ತನ್ನ ಅಪ್ಪ ಕಡಿದವನ ಮನೆಗೆ.

ಪ್ರಭಾವತಿ ಶೆಡ್ಡಿನ ಬಾಗಿಲಲ್ಲಿ ಕುಳಿತು ಸಾಯದೆ ಉಳಿದ ಕೋಳಿಗಳ ಕುತ್ತಿಗೆ ತಿರುಪುತ್ತಿದ್ದಳು. ಒಂದು ಹಿಡಿದು ತಿರುಪಿ, ಪಕ್ಕಕ್ಕೆ ಎಸೆದು, ಇನ್ನೊಂದು. ಕೈಯೆಲ್ಲ ಪರಚಿ ರಕ್ತ. ಪ್ರೇಕ್ಷಾಳನ್ನು ನೋಡಿ ನಿಲ್ಲಿಸಲಿಲ್ಲ.

"ಎಂತಕ್ ಬಂದದ್?"

"ಹುಗುಕೆ."

"ನಿನ್ ಅಪ್ಪಯ್ಯನ್ ಮೇಲ್ ನಂಗ್ ಸಿಟ್ಟಿತ್ತ್. ಸಾಯು ತನ್ಕ ಇರತ್ತ್."

"ಇರ್ಲಿ ಅಕ್ಕಾ" ಎಂದು ಪ್ರೇಕ್ಷಾ ಪಕ್ಕದಲ್ಲಿ ಕುಳಿತಳು. ಒಂದು ಕೋಳಿ ಎತ್ತಿಕೊಂಡಳು. ಮೈ ಕಾದ ಕಲ್ಲಿನ ಹಾಗಿತ್ತು. ಮೊದಲ ಸಲ ಕುತ್ತಿಗೆ ಅರ್ಧವೇ ತಿರುಗಿತು, ಕೋಳಿ ಕಿರುಚಿತು. ಪ್ರಭಾವತಿ ಕೈ ಚಾಚಿ ಅದನ್ನು ಮುಗಿಸಿಕೊಟ್ಟಳು. "ಬುಡಕ್ಕೆ ಹಿಡಿ. ಎಳ್ದ್ ತಿರ್ಪ್. ಹೆದ್ರಿಕಂಡ್ರೆ ಅದ್ಕೇ ಕಷ್ಟ." ಹತ್ತನೆಯದಕ್ಕೆ ಪ್ರೇಕ್ಷಾಳ ಕೈ ಪಳಗಿತು. ಇಪ್ಪತ್ತನೆಯದರ ಹೊತ್ತಿಗೆ ಅವಳು ಅಳುತ್ತಿದ್ದಳು, ಆದರೂ ಕೈ ನಿಲ್ಲಲಿಲ್ಲ. ಇಬ್ಬರೂ ಸೇರಿ ಮುನ್ನೂರರಷ್ಟು ಕೋಳಿ ಕೊಂದರು.

ನಾಗ ದಿಬ್ಬದ ಹಿಂದೆ ಗುಂಡಿ ತೋಡುತ್ತಿರುವಾಗ ಗುರುತಿಲ್ಲದ ವ್ಯಾನೊಂದು ಬಂದು ನಿಂತಿತು. ಇಳಿದವನು ಮೂಗಿಗೆ ಕರವಸ್ತ್ರ ಹಿಡಿದು ಹೇಳಿದ, "ಅಕ್ಕಾ, ಈಗಷ್ಟೇ ಸತ್ತದ್ದಲ್ದಾ? ಹುಗುದ್ ಎಂತಕೆ? ಹೋಟ್ಲಿಗೆ ಆತ್ತ್. ಮಸಾಲಿ ಬಿದ್ರೆ ಯಾರಿಗೂ ಗೊತ್ತಾಪ್ಪುದಿಲ್ಲ."

ಪ್ರಭಾವತಿ ಎದ್ದಳು. ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ನಿಧಾನ ನಡೆದು ಹೋಗಿ ವ್ಯಾನಿನ ಎದುರಿನ ಗಾಜಿಗೆ ಹೊಡೆದಳು. ಗಾಜು ಒಡೆದು ಒಳಗೆ ಬಿತ್ತು. ಎರಡನೆಯ ಸಲ ಎತ್ತಿದಾಗ ಅವನು ಓಡಿ ಹೋಗಿ ಗಾಡಿ ಹತ್ತಿದ. ಮೂರನೆಯ ಏಟು ಹಿಂದಿನ ಬಾಗಿಲಿಗೆ ಬಿತ್ತು. ವ್ಯಾನು ರಸ್ತೆಗೆ ಇಳಿದು ಹೋಯಿತು. ಅವಳು ತಿರುಗಿ ಬಂದು ಅದೇ ಸಲಿಕೆಯಲ್ಲಿ ಸುಣ್ಣ ಎಳೆಯತೊಡಗಿದಳು.

ಕತ್ತಲಾಗುವ ಹೊತ್ತಿಗೆ ಗುಂಡಿ ಮುಚ್ಚಿತು.

ಮೆಹಂದಿ ಮುಂದೆ ಹಾಕೋಣ ಎಂದು ಬೈಂದೂರಿನವರೇ ಹೇಳಿದರು. ಸರೋಜ ಒಪ್ಪಲಿಲ್ಲ. ಗಂಡನ ದವಡೆಗೆ ಉಡುಪಿಯ ಆಸ್ಪತ್ರೆಯಲ್ಲಿ ತಂತಿ ಬಿಗಿದಿದ್ದರು, ಹೊರಗೆ ಪೊಲೀಸರು ಕುಳಿತಿದ್ದರು. ಆದರೂ ಮಗಳ ಮದುವೆ ನಿಲ್ಲಬಾರದು ಎಂದು ಅವಳ ಹಟ. ಕುಷ್ಟ ಬಂದು ಕೋಳಿಯನ್ನು ಕೋಟದ ಅಂಗಡಿಯಿಂದ ತರಿಸಲೇ ಎಂದು ಕೇಳಿದ.

"ಬ್ಯಾಡ" ಎಂದಳು ಸರೋಜ. "ಮದುವೆ ಹೆಣ್ಣಿನ ಕೈ ಕಂಡ್ಯಾ ನೀನ್? ಇನ್ನೂ ಪರಚಿದ್ ಗಾಯ ಒಣಗ್ಲಿಲ್ಲ. ಈ ಅಂಗಳದಂಗೆ ಕೋಳಿ ಬಡ್ಸುದ್ ಬ್ಯಾಡ. ಹಲಸಿನಕಾಯಿ ಸುಕ್ಕ ಮಾಡ್. ಹುರುಳಿ ಸಾರ್, ರೊಟ್ಟಿ, ಪಾಯಸ. ಸಾಕ್."

ಶನಿವಾರ ಮಧ್ಯಾಹ್ನ ಜನ ಬಂದರು. ನಿರೀಕ್ಷೆಗಿಂತ ಹೆಚ್ಚೇ ಬಂದರು, ಅರ್ಧ ಜನ ಸುದ್ದಿ ಕೇಳಲು. ಎರಡನೆಯ ಪಂಕ್ತಿಯಲ್ಲಿ ಬಚ್ಚನ ದೊಡ್ಡಪ್ಪನ ಮಗ ಸುಧಾಕರ ಕುಳಿತಿದ್ದ. ಬರುವಾಗಲೇ ಕುಡಿದಿದ್ದ. ಎಲೆಯ ಮೇಲೆ ಬಿದ್ದ ಹಲಸಿನ ಸುಕ್ಕವನ್ನು ಬೆರಳಲ್ಲಿ ಕೆದಕಿ ನೋಡಿದ.

"ಇದೆಂತ? ಸೊಪ್ಪು ತಿನ್ಸುಕೆ ಕರ್ದದ್ದಾ ನಮ್ಮನ್? ಕಡಿಯುಕೆ ಶೆಟ್ರ ಕೈ ಆತ್ತ್, ಕೋಳಿ ಆತಿಲ್ಯಾ ಬಚ್ಚಂಗೆ?" ಎಂದು ಎಲೆ ಎತ್ತಿ ಅಂಗಳಕ್ಕೆ ಎಸೆದ. ಸಾರು ಸರೋಜಳ ಸೀರೆಗೆ ಸಿಡಿಯಿತು. ಯಾರೋ ನಕ್ಕರು.

ಪ್ರೇಕ್ಷಾ ಚಪ್ಪರದ ಮೂಲೆಯಲ್ಲಿ ಅಂಗೈ ಚಾಚಿ ಕುಳಿತಿದ್ದಳು. ಎಡಗೈಗೆ ಮೆಹಂದಿ ಹಚ್ಚಿ ಮುಗಿದಿತ್ತು, ಬಲಗೈ ಅರ್ಧವಾಗಿತ್ತು. ಎದ್ದು ಬಂದು ಸುಧಾಕರನ ಕೆನ್ನೆಗೆ ಬಾರಿಸಿದಳು. ಅವನು ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಎದ್ದು ಅವಳ ಜಡೆಗೆ ಕೈ ಹಾಕಿದಾಗ ಕುಷ್ಟ ಅಡುಗೆಯ ಸೌಟಿನಿಂದ ಅವನ ಮೊಣಕೈಗೆ ಹೊಡೆದ. ಗಂಡಿನ ಕಡೆಯ ನಾಲ್ಕು ಜನ ಹಿಡಿದು ಎಳೆದುಕೊಂಡು ಹೋಗಿ ರಸ್ತೆಗೆ ಬಿಟ್ಟರು.

ಪ್ರೇಕ್ಷಾ ಪಂಕ್ತಿಯ ನಡುವೆ ನಿಂತೇ ಇದ್ದಳು. "ಬುಧವಾರ ನಾ ನೂರಾರ್ ಕೋಳಿ ಕೊಂದೆ, ಇದೇ ಕೈಯಲ್ಲ್" ಎಂದಳು. ದನಿ ಏರಿರಲಿಲ್ಲ. "ಇನ್ನ್ ಯಾರಿಗಾರೂ ಕೋಳಿ ಬೇಕಂದ್ರೆ ಹೇಳಿ. ಗುಂಡಿ ತೋರ್ಸ್ತೆ."

ಗಂಡಿನ ಸೋದರತ್ತೆ ಸೀತು, ಎಂಬತ್ತು ದಾಟಿದವಳು, ಕುಷ್ಟನನ್ನು ಕರೆದು ಇನ್ನೆರಡು ರೊಟ್ಟಿ ಕೇಳಿದಳು. ಊಟ ಮುಂದುವರಿಯಿತು. ಆ ದಿನ ಎಲೆಯಲ್ಲಿ ಉಳಿದದ್ದು ಒಂದು ಬಕೆಟ್ ತುಂಬಲಿಲ್ಲ.

ಮದುವೆ ಆಯಿತು, ಪ್ರೇಕ್ಷಾ ಬೈಂದೂರಿಗೆ ಹೋದಳು. ಬಚ್ಚ ಆರು ವಾರ ಗಂಜಿಯ ತಿಳಿ ಕುಡಿದು ಬದುಕಿದ. ಜಾಮೀನಿನ ಮೇಲೆ ಮನೆಗೆ ಬಂದಾಗ ಮುಖ ಒಂದು ಬದಿಗೆ ವಾಲಿತ್ತು. ರಾಜೀವನ ಕೈಗೆ ಎರಡು ಸಲ ಆಪರೇಷನ್ ಆಯಿತು. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಅಲುಗಾಡುತ್ತಿದ್ದವು. ಎರಡೂ ಕಡೆಯ ಕೇಸು ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ.

ಒಂದು ದಿನ ಸರೋಜ ಗಂಡನನ್ನು ಕೇಳಿದಳು. "ಶೆಟ್ರ್ ಸತ್ತ್ ಹೋಗಿದ್ರೆ?"

"ಸಾಯ್ಲಿ ಅಂದೇ ಬೀಸಿದ್ದೆ" ಎಂದ ಬಚ್ಚ. ವಾಲಿದ ದವಡೆ ಸವರಿಕೊಂಡು ಸೇರಿಸಿದ, "ಅವ ಹೇಳಿದ್ದ್ ಸುಳ್ಳಾಗಿದ್ರೆ ಅಷ್ಟ್ ಸಿಟ್ಟ್ ಬತ್ತಿರ್ಲಿಲ್ಲ."

ಮಳೆಗಾಲ ಕಳೆದ ಮೇಲೆ ಪಂಚಾಯತಿಯವರು ತೋಡಿನ ನೀರಿನ ಬಗ್ಗೆ ಎರಡೂ ಮನೆಯವರನ್ನು ಕರೆಸಿದರು. ಮಾತಾಡಿದವರು ಹೆಂಗಸರೇ. ಮಾರ್ಚಿನಿಂದ ಮೇ ತನಕ ಶೆಡ್ಡಿಗೆ ಮರಿ ಇಳಿಸುವುದಿಲ್ಲ ಎಂದು ಪ್ರಭಾವತಿ ತಾನಾಗಿಯೇ ಹೇಳಿದಳು. ಕಂಪನಿಯವರು ಬಿಟ್ಟು ಹೋಗುವುದಾದರೆ ಹೋಗಲಿ, ಈ ಸೆಕೆ ಇನ್ನು ಕಡಿಮೆಯಾಗುವುದಿಲ್ಲ, ಮತ್ತೊಮ್ಮೆ ಆ ಸದ್ದು ಕೇಳಲು ತನ್ನಿಂದಾಗದು ಎಂದಳು. ಸರೋಜ ಗದ್ದೆಯ ಅರ್ಧಕ್ಕೆ ಮಾತ್ರ ತರಕಾರಿ ಹಾಕುತ್ತೇವೆ ಎಂದಳು. ಕಾರ್ಯದರ್ಶಿ ಅಷ್ಟನ್ನೂ ಬರೆದು ಸಹಿಗೆ ಮುಂದಿಟ್ಟರು.

ಇಬ್ಬರು ಗಂಡಸರೂ ಮೇಜಿನ ಎರಡು ತುದಿಯಲ್ಲಿ ನಿಂತಿದ್ದರು. ಆ ಏಪ್ರಿಲಿನ ನಂತರ ಇಷ್ಟು ಹತ್ತಿರ ನಿಂತದ್ದು ಅದೇ ಮೊದಲು. ರಾಜೀವ ಪೆನ್ನನ್ನು ಎಡಗೈಗೆ ತೆಗೆದುಕೊಂಡ. ಬಲಗೈಯಲ್ಲಿ ಕಾಗದ ಒತ್ತಿಹಿಡಿಯಲು ನೋಡಿದ, ಬೆರಳು ಕೇಳಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನಿನ ಗಾಳಿಗೆ ಕಾಗದ ಜಾರಿತು. ಮತ್ತೆ ಎಳೆದುಕೊಂಡ, ಮತ್ತೆ ಜಾರಿತು. ಪ್ರಭಾವತಿ ಮುಂದೆ ಬರುವ ಮೊದಲೇ ಬಚ್ಚ ತನ್ನ ಅಂಗೈಯನ್ನು ಕಾಗದದ ಮೇಲೆ ಇಟ್ಟು ಒತ್ತಿಹಿಡಿದ.

ರಾಜೀವ ತಲೆ ಎತ್ತಲಿಲ್ಲ. ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಅಕ್ಷರ ಬರೆದ. ಬಹಳ ಹೊತ್ತು ಹಿಡಿಯಿತು. ಬರೆದು ಮುಗಿಯುವ ತನಕ ಬಚ್ಚ ಕೈ ತೆಗೆಯಲಿಲ್ಲ.